ಬೋಟಿಗೆ ಎಂಟು ಮೂಟೆ ತೂಕ

ಅಮೆರಿಕದಲ್ಲಿರುವ ನನ್ನ ತಮ್ಮ ವೇಕ್‌ಸರ್ಫಿಂಗ್‌ಗೆ, ಅಂದರೆ ಬೋಟ್ ಹಿಂದೆ ಏಳುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟಕ್ಕೆ ಅಂತಲೇ ಒಂದು ಹಳೇ ಬೋಟ್ ತಗೊಂಡಿದ್ದಾನೆ. ಕುಶಾಲನಗರಕ್ಕೆ ಬಂದಿದ್ದಾಗ ಕಾಫಿ ಕಣದ ಹತ್ತಿರ ಕೂತು ಕೇಳಿದ, "ಅಣ್ಣಾ, ಅಲೆ ದೊಡ್ಡದಾಗೋಕೆ ಬೋಟಿಗೆ ಇನ್ನೂ 400 ಲೀಟರ್ ನೀರಿನ ಚೀಲ ಹಾಕ್ಲಾ?"

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಪಕ್ಕದಲ್ಲಿದ್ದ 50 ಕೆಜಿಯ ಕಾಫಿ ಮೂಟೆ ತೋರಿಸಿ, ಇಂಥವು ಎಂಟು ಅಂದೆ. ಸುಮ್ಮನಾದ.

ತೂಕ ಜಾಸ್ತಿಯಾದಷ್ಟೂ ಬೋಟ್ ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಜಾಸ್ತಿ ನೀರನ್ನು ಸರಿಸುತ್ತದೆ, ಅದಕ್ಕೇ ಅಲೆ ದೊಡ್ಡದಾಗುತ್ತದೆ. ಹಗ್ಗ ಹಿಡಿದು ಬೋಟಿನ ಹಿಂದೆ ಹಲಗೆಯಲ್ಲಿ ಹೋಗುವ ವೇಕ್‌ಬೋರ್ಡಿಂಗ್‌ಗೆ ತೂಕ ಎಡಬಲ ಸಮ ಇರಬೇಕು. ಸರ್ಫಿಂಗ್‌ಗೆ ಇಂಥ ಹಳೇ ಬೋಟಿನಲ್ಲಿ ಸರ್ಫ್ ಮಾಡುವ ಕಡೆಯ ಹಿಂದಿನ ಮೂಲೆಗೆ ಜಾಸ್ತಿ ತೂಕ. ಆದರೆ ಎಲ್ಲವನ್ನೂ ಹಿಂದೆಯೇ ತುಂಬಿದರೆ ಮೂತಿ ಮೇಲೇಳುತ್ತದೆ, ಓಡಿಸುವವರಿಗೆ ಮುಂದೆ ಯಾರು ಈಜುತ್ತಿದ್ದಾರೆ ಅನ್ನೋದೇ ಕಾಣಲ್ಲ. ಮುಂದೆಯೂ ಸ್ವಲ್ಪ ಹಾಕಿದರೆ ಅಲೆಯೂ ಉದ್ದವಾಗುತ್ತದೆ.

ನನಗೆ ನಿಜವಾಗಿ ಚಿಂತೆ ಇರೋದು ಮಿತಿಯದ್ದು. ಬೋಟಿನ ಫಲಕದಲ್ಲಿ ಬರೆದಿರುವ ತೂಕದಲ್ಲಿ ಜನ, ಸಾಮಾನು ಎಲ್ಲ ಸೇರಿರುತ್ತದೆ, ಅವನು ತುಂಬುವ ನೀರನ್ನೂ ಅದರಲ್ಲೇ ಲೆಕ್ಕ ಹಾಕಬೇಕು ಅಲ್ವಾ? ಎಂಟು ಮೂಟೆ ಅಂದರೆ ಆರು ಜನ ಕೂತ ಹಾಗೆ. ಮಕ್ಕಳನ್ನು ಹತ್ತಿಸುವ ದಿನ ಚೀಲ ಖಾಲಿ ಮಾಡು ಅಂದೆ. ಮೊದಲು 200 ಲೀಟರ್ ಹಾಕಿ ನೋಡುತ್ತೇನೆ ಅಂತ ಒಪ್ಪಿಕೊಂಡ.