ಹಿನ್ನೀರಿನ ದಂಡೆಯ ಕರಿಕಲ್ಲು

ಕಳೆದ ಬೇಸಿಗೆಯ ಕೊನೆಯಲ್ಲಿ ತಂಗಿಯ ಮಗ ಜೋಯಿಡಾ ಕಡೆಯಿಂದ ಬಂದವನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಕಲ್ಲೊಂದನ್ನು ಶಿರಸಿಯ ನಮ್ಮ ಮನೆಯ ಜಗಲಿಯ ಮೇಲಿಟ್ಟು, “ಮಾವ, ಇದೆಂತಾ ಕಲ್ಲು?” ಎಂದು ಕೇಳಿದ. ಸೂಪಾ ಜಲಾಶಯದ ನೀರು ಇಳಿದ ದಂಡೆಯಲ್ಲಿ ಅಂಥವು ರಾಶಿಯಾಗಿ ಬಿದ್ದಿವೆಯಂತೆ. ಅವನ ಸ್ನೇಹಿತನ ಮಾಲ್ಕಿ ಜಮೀನು ಪಕ್ಕದಲ್ಲೇ ಇದೆಯಂತೆ. ಅಲ್ಲಿ ಗಣಿ ಆದೀತೇ ಎಂಬುದು ಸ್ನೇಹಿತನ ಪ್ರಶ್ನೆ. ಅದಿರು ಹುಡುಕುವ ಕೆಲಸದಲ್ಲೇ ಆಯುಷ್ಯದ ಬಹುಭಾಗ ಕಳೆದ ನನಗೆ ಈ ಪ್ರಶ್ನೆ ಹೊಸತಲ್ಲ.

ಕಲ್ಲು ಕಪ್ಪಗಿತ್ತು, ಹಿಡಿದರೆ ಕೈಗೆ ಮಸಿ ಹತ್ತುತ್ತಿತ್ತು. ಬಚ್ಚಲಿಗೆ ಹಾಕಿ ಉಳಿದಿದ್ದ ಟೈಲ್ಸಿನ ಹಿಂಬದಿಯ ಒರಟಿನ ಮೇಲೆ ಅದನ್ನು ಉಜ್ಜಿದೆ. ಹೆಮಟೈಟ್ ಎಂಬ ಕಬ್ಬಿಣದ ಅದಿರಾಗಿದ್ದರೆ ಕೆಂಪು ಗೀರು, ಗೋಥೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜವಾಗಿದ್ದರೆ ಹಳದಿ ಮಿಶ್ರಿತ ಕಂದು ಗೀರು ಮೂಡಬೇಕಿತ್ತು. ಮೂಡಿದ್ದು ಕಾಡಿಗೆಯಂಥ ಕಪ್ಪು. ಗಾಯ ತೊಳೆಯಲೆಂದು ಮನೆಯಲ್ಲಿಟ್ಟಿದ್ದ ಹೈಡ್ರೋಜನ್ ಪೆರಾಕ್ಸೈಡಿನ ಎರಡು ಹನಿ ಬಿಟ್ಟೊಡನೆ ಬುರುಬುರು ನೊರೆ ಎದ್ದಿತು. ಮ್ಯಾಂಗನೀಸ್ ಡೈಆಕ್ಸೈಡ್ ತಗುಲಿದರೆ ಪೆರಾಕ್ಸೈಡ್ ಒಡೆದು ಆಮ್ಲಜನಕ ಹೀಗೆಯೇ ಹೊರಬರುತ್ತದೆ ಎಂದಾಗ ಹುಡುಗನ ಮುಖ ಅರಳಿತು. ಅನಂತರ ಸುತ್ತಿಗೆ ತಂದು ಕಲ್ಲನ್ನು ಎರಡಾಗಿ ಒಡೆದೆ. ಕಪ್ಪು ಇದ್ದದ್ದು ಉಗುರಿನ ದಪ್ಪದ ಸಿಪ್ಪೆ ಮಾತ್ರ. ಒಳಗೆಲ್ಲ ಹಳದಿ ಜೇಡಿ ತುಂಬಿದ, ಜಾಳುಜಾಳಾದ ಜಂಬಿಟ್ಟಿಗೆ. ಮ್ಯಾಂಗನೀಸ್ ಡೈಆಕ್ಸೈಡಿನ ಖನಿಜವಾದ ಪೈರೊಲುಸೈಟ್ ಶುದ್ಧವಾಗಿದ್ದರೆ ಅದರಲ್ಲಿ ಶೇ. 63ರಷ್ಟು ಮ್ಯಾಂಗನೀಸ್ ಇರುತ್ತದೆ ನಿಜ, ಆದರೆ ಪ್ರಯೋಗಾಲಯದವರು ಸಿಪ್ಪೆಯನ್ನಷ್ಟೇ ಸುಲಿದು ಪರೀಕ್ಷಿಸುವುದಿಲ್ಲ, ಇಡೀ ಕಲ್ಲನ್ನು ಪುಡಿ ಮಾಡುತ್ತಾರೆ.

ಹಾಗೆಂದು ಆ ಸೀಮೆಯಲ್ಲಿ ಅದಿರೇ ಇಲ್ಲವೆಂದಲ್ಲ. ಜೋಯಿಡಾ ತಾಲ್ಲೂಕಿನಲ್ಲಿಯೂ ಯಲ್ಲಾಪುರದ ಬಿಸಗೋಡ ಸುತ್ತಲೂ ಮ್ಯಾಂಗನೀಸ್ ಗಣಿಗಳು ನಡೆದಿವೆ. ಗೋವಾದಿಂದ ಶಿವಮೊಗ್ಗದವರೆಗೆ ಹಬ್ಬಿರುವ ಧಾರವಾಡ ಶಿಲಾಸಮೂಹದ ಪಟ್ಟಿ ಇದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಇಲ್ಲಿನ ಪದರುಶಿಲೆಗಳಲ್ಲಿ ಅಲ್ಪಸ್ವಲ್ಪ ಇದ್ದ ಮ್ಯಾಂಗನೀಸು ಮಲೆನಾಡಿನ ಮಳೆಗೆ ಕರಗಿ, ಜಿನುಗಿ, ಮೇಲ್ಪದರದ ಬಿರುಕುಗಳಲ್ಲಿ ಮತ್ತೆ ಗಟ್ಟಿಯಾಗಿ ಕುಳಿತಿದೆ. 1909ರಲ್ಲಿ ಭಾರತದ ಮ್ಯಾಂಗನೀಸ್ ನಿಕ್ಷೇಪಗಳನ್ನು ವಿಂಗಡಿಸಿದ ಭೂವಿಜ್ಞಾನಿ ಎಲ್. ಎಲ್. ಫರ್ಮರ್ ಇಂಥವುಗಳಿಗೆ ‘ಲ್ಯಾಟರಿಟಾಯ್ಡ್’, ಅಂದರೆ ಜಂಬಿಟ್ಟಿಗೆಯಂಥದ್ದು, ಎಂಬ ಹೆಸರು ಕೊಟ್ಟರು. ಮೇಲಿನಿಂದ ಇಳಿದ ನೀರು ಕಟ್ಟಿದ ಅದಿರಾದ್ದರಿಂದ ಆಳಕ್ಕೆ ಹೋದಂತೆ ಅದು ಬಡವಾಗುತ್ತದೆ, ಹಲವು ಕಡೆ ಕೆಲವೇ ಮೀಟರುಗಳಲ್ಲಿ ಮುಗಿದೇ ಹೋಗುತ್ತದೆ.

ಇದೆಲ್ಲ ಪುಸ್ತಕದಲ್ಲಿ ಓದಿ ತಿಳಿದಿದ್ದರೂ ತೊಂಬತ್ತರ ದಶಕದ ಆರಂಭದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅದೇ ಹಿನ್ನೀರಿನ ಮತ್ತೊಂದು ಮಗ್ಗುಲಲ್ಲಿ ನಾನು ದಂಡೆಯನ್ನು ನಂಬಿ ಮೋಸಹೋಗಿದ್ದೆ. ಆಗಿನ್ನೂ ಆ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿರಲಿಲ್ಲ. ಅದು ಆದದ್ದು 2007ರಲ್ಲಿ. ನಮ್ಮ ಕೈಯಲ್ಲಿದ್ದ ನಕಾಶೆ ಅಣೆಕಟ್ಟಿಗಿಂತ ಹಿಂದಿನದು. ಅದರ ಪ್ರಕಾರ ನಾವು ನಿಂತದ್ದು ಕಾಳಿ ನದಿಯ ಮೇಲಿನ ಗುಡ್ಡದ ಇಳಿಜಾರು, ಕಣ್ಣೆದುರಿಗೆ ಇದ್ದದ್ದು ಮೈಲುಗಟ್ಟಲೆ ನೀರು. ಆದರೆ ಆ ನೀರಿನಿಂದ ಒಂದು ಉಪಕಾರವಿತ್ತು. ಗಣೇಶಗುಡಿಯ 101 ಮೀಟರ್ ಎತ್ತರದ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಂತೆಲ್ಲ ಮಟ್ಟ ಇಳಿದು, ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಉಳಿಯುತ್ತಿದ್ದವು. ಒಂದೊಂದು ಗೆರೆಯೂ ಸಮಮಟ್ಟದ ರೇಖೆ. ಶಿಲೆಯ ಪದರ ಎರಡು ಗೆರೆಗಳನ್ನು ಎಲ್ಲೆಲ್ಲಿ ಕತ್ತರಿಸುತ್ತದೆ ಎಂದು ಗುರುತಿಸಿದರೆ ಅದು ಯಾವ ದಿಕ್ಕಿಗೆ ಎಷ್ಟು ಬಾಗಿದೆ ಎಂಬುದು ತಿಳಿದುಹೋಗುತ್ತಿತ್ತು. ತರಗೆಲೆಯೂ ಮುಳ್ಳುಪೊದೆಯೂ ಮುಚ್ಚಿದ ಕಾಡಿನಲ್ಲಿ ವಾರವಿಡೀ ತಿರುಗಿದರೂ ಕಾಣದಷ್ಟು ಬಂಡೆ ಅಲ್ಲಿ ಒಂದೇ ದಿನದಲ್ಲಿ ಕಾಣಸಿಗುತ್ತಿತ್ತು.

ಆ ಬೋಳು ದಂಡೆಯ ಮೇಲೆ ಸುಮಾರು ನೂರು ಮೀಟರ್ ಉದ್ದಕ್ಕೆ ಕರಿಕಲ್ಲುಗಳು ಹಾಸಿದಂತೆ ಬಿದ್ದಿದ್ದವು. ಎತ್ತಿ ನೋಡಿದರೆ ಒಳ್ಳೆಯ ತೂಕ, ಒಡೆದರೆ ಒಳಗೂ ಕಪ್ಪು. ನಾನು ನಕಾಶೆಯಲ್ಲಿ ದಪ್ಪನೆಯ ಪಟ್ಟಿ ಬಳಿದು, ಅದಿರಿನ ಪದರವೆಂದು ಬರೆದೇಬಿಟ್ಟೆ. ಮೇಲಧಿಕಾರಿ ಏನೂ ಹೇಳದೆ ಮೂರು ಗುಂಡಿ ತೋಡಿಸಲು ಸೂಚಿಸಿದರು: ಒಂದು ದಂಡೆಯಲ್ಲೇ, ಉಳಿದೆರಡು ಇಪ್ಪತ್ತಿಪ್ಪತ್ತು ಹೆಜ್ಜೆ ಮೇಲಕ್ಕೆ. ಮೊದಲ ಗುಂಡಿಯಲ್ಲಿ ಕರಿಕಲ್ಲು ಮೊಣಕಾಲೆತ್ತರಕ್ಕೂ ಸಿಗಲಿಲ್ಲ, ಅಡಿಯಲ್ಲಿ ಬಣ್ಣಬಣ್ಣದ ಜೇಡಿ. ಮರುದಿನ ಬೆಳಿಗ್ಗೆ ಹೋದರೆ ಸೊಂಟದವರೆಗೆ ಒಸರು ನೀರು. ಎರಡನೆಯದರಲ್ಲಿ ಕೆಂಪು ಮಣ್ಣಿನ ನಡುವೆ ಅಲ್ಲೊಂದು ಇಲ್ಲೊಂದು ಕಲ್ಲು. ಮೂರನೆಯದರಲ್ಲಿ ಹಾರೆಗೆ ಸಿಕ್ಕಿದ್ದು ಬೇರು ಮಾತ್ರ. ಮಣ್ಣನ್ನು ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು ಮಾಡುತ್ತ ಮಾದರಿ ಚೀಲಕ್ಕೆ ಇಳಿಸುವ ಕೆಲಸವನ್ನು ನಾನು ಕಲಿತದ್ದು ಆ ಗುಂಡಿಗಳ ಬದಿಯಲ್ಲಿಯೇ, ತಲೆ ತಗ್ಗಿಸಿಕೊಂಡು.

ಆದದ್ದು ಇಷ್ಟೆ. ತೆರೆಗಳೂ ಮಳೆಯೂ ವರ್ಷ ವರ್ಷ ಆ ಇಳಿಜಾರಿನ ಮಣ್ಣನ್ನು ಮೊರದಲ್ಲಿ ಕೇರಿದಂತೆ ಕೇರಿ, ಹಗುರಾದದ್ದನ್ನು ಒಯ್ದು ಭಾರದ್ದನ್ನು ಬಿಟ್ಟಿದ್ದವು. ನಾಲ್ಕಾರು ಅಡಿ ಮಣ್ಣಿನಲ್ಲಿ ಚದುರಿದ್ದ ಕಲ್ಲುಗಳೆಲ್ಲ ಒಂದೇ ಹಾಸಾಗಿ ಕುಳಿತು ಗಣಿಯಂತೆ ಕಾಣುತ್ತಿದ್ದವು. ದಂಡೆಯ ಮೇಲೆ ಎಷ್ಟು ಕಲ್ಲಿದೆ ಎಂಬುದಕ್ಕೂ ಗುಡ್ಡದೊಳಗೆ ಎಷ್ಟಿದೆ ಎಂಬುದಕ್ಕೂ ಸಂಬಂಧವನ್ನು ಗುಂಡಿ ತೋಡದೆ ಕಲ್ಪಿಸಬಾರದು.

ಅಳಿಯನಿಗೆ ಒಂದು ಲೆಕ್ಕ ಬರೆದು ತೋರಿಸಿದೆ. ನೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಎರಡು ಮೀಟರ್ ದಪ್ಪದ ಅದಿರುಮಣ್ಣು ನಿಜವಾಗಿಯೂ ಇದೆಯೆಂದೇ ಇಟ್ಟುಕೊಳ್ಳೋಣ; 2,000 ಘನಮೀಟರ್ ಆಯಿತು. ಘನಮೀಟರಿಗೆ ಎರಡೂವರೆ ಟನ್ ಹಿಡಿದರೆ 5,000 ಟನ್. ಅದರಲ್ಲಿ ಆರಿಸಿ ತೆಗೆಯಬಹುದಾದ ಅದಿರು ಶೇ. 30 ಎಂದರೆ 1,500 ಟನ್, ಹತ್ತು ಟನ್ನಿನ ಲಾರಿಗೆ 150 ಲೋಡು. ಅಷ್ಟಕ್ಕಾಗಿ ಕಾಡಿನಲ್ಲಿ ರಸ್ತೆ ಕಡಿಯಬೇಕು, 3,500 ಟನ್ ಮಣ್ಣನ್ನು ನೀರಿಗೆ ಇಳಿಯದಂತೆ ಎಲ್ಲಾದರೂ ಒಟ್ಟಬೇಕು. ಶಿರಸಿಯ ಮಳೆ ಕಂಡವರಿಗೆ ಆ ಮಣ್ಣಿನ ಗತಿ ಜುಲೈ ತಿಂಗಳಲ್ಲಿ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಜಮೀನು ಮಾಲ್ಕಿಯಾಗಿದ್ದರೂ ಅನುಮತಿ ಇಲ್ಲದೆ ಮ್ಯಾಂಗನೀಸಿಗಾಗಿ ಗುಂಡಿ ತೋಡುವಂತಿಲ್ಲ. 2015ರ ತಿದ್ದುಪಡಿಯ ಮೇಲೆ ಗುತ್ತಿಗೆ ಸಿಗುವುದು ಹರಾಜಿನಲ್ಲಿ, ಕಲ್ಲನ್ನು ಮೊದಲು ಕಂಡವನಿಗೆ ಅಲ್ಲ. ಸುತ್ತಲಿನದು ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬೇರೆ.

ಅವನು ಎಲ್ಲವನ್ನೂ ಕೇಳಿಸಿಕೊಂಡು, ಒಡೆದ ಎರಡು ಹೋಳುಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತತೊಡಗಿದ. ಮೊದಲೇ ಕೇಳಬೇಕಿದ್ದ ಪ್ರಶ್ನೆ ನನಗೆ ಆಗ ನೆನಪಾಯಿತು. ಜಲಾಶಯ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ, ಈ ಕಲ್ಲು ಸಿಕ್ಕ ಜಾಗ ಅದಕ್ಕಿಂತ ಮೇಲೋ ಕೆಳಗೋ ಎಂದು ವಿಚಾರಿಸಿದೆ.

“ಮಳೆಗಾಲದಲ್ಲಿ ಅಲ್ಲಿ ದೋಣಿ ಹೋಗ್ತು, ಮಾವ” ಎಂದ.