ಪುತ್ತರಿ ರಾತ್ರಿ ಫೂಟೇಜ್: ನಾಯ್ಸ್ ತೆಗೆಯೋ ಕೆಲಸ ಎಲ್ಲಿವರೆಗೆ ಬಂತು

ಕೊಡಗಿನ ಸುಗ್ಗಿ ಹಬ್ಬ ಪುತ್ತರೀಲಿ ಹೊಸ ಭತ್ತದ ತೆನೆ ಕೊಯ್ಯೋ, ಅಂದ್ರೆ ಕದಿರು ತೆಗೆಯೋ ಸೀನ್ ಅಂತೂ ಈಗ ನೋಡೋ ಹಾಗಾಗಿದೆ. ನಾಪೋಕ್ಲು ಹತ್ರ ನಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ಗದ್ದೇಲಿ ಇದ್ದ ಬೆಳಕು ಅಂದ್ರೆ ಹುಣ್ಣಿಮೆ, ಕೈಲಿದ್ದ ದೀಪ, ಒಂದೆರಡು ಟಾರ್ಚ್, ಅಷ್ಟೇ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸ್ಬೇಕು ಅನ್ನೋ ಸೆಟ್ಟಿಂಗ್) 6400ಕ್ಕೆ ಏರಿಸದೆ ದಾರಿನೇ ಇರ್ಲಿಲ್ಲ, ಆ ಹೊತ್ತಲ್ಲಿ ಹಿರಿಯರ ಮುಖಕ್ಕೆ ಎಲ್‌ಇಡಿ ಹಿಡಿಯೋಕೆ ನಂಗೆ ಮನಸ್ಸು ಬರಲ್ಲ. ಅದ್ರ ಜೊತೆ ಬಂದಿದ್ದೇ ನಾಯ್ಸ್, ಚಿತ್ರದ ತುಂಬಾ ಕಾಳುಕಾಳು ಚುಕ್ಕೆ.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಕಪ್ಪು ಕುಪ್ಯ, ನಮ್ಮ ಗಂಡಸರು ತೊಡೋ ಉದ್ದ ನಿಲುವಂಗಿ. ಝೂಮ್ ಮಾಡಿದ್ರೆ ಬಟ್ಟೆ ತುಂಬಾ ಕೆಂಪು ಹಸಿರು ಚುಕ್ಕೆ ಕುಣೀತಾ ಇತ್ತು, ಸೊಂಟಕ್ಕೆ ಸುತ್ತೋ ಚೇಲೆ ಬಟ್ಟೆ ಎಲ್ಲಿ ಮುಗೀತು ಕುಪ್ಯ ಎಲ್ಲಿ ಶುರುವಾಯ್ತು ಅಂತನೇ ಗೊತ್ತಾಗ್ತಿರ್ಲಿಲ್ಲ. ಇದು ಕ್ರೋಮಾ ನಾಯ್ಸ್, ಅಂದ್ರೆ ಬಣ್ಣದಲ್ಲಿ ಬರೋದು; ಬೆಳಕಿನ ಮಟ್ಟದಲ್ಲಿ ಬರೋದು ಲೂಮಾ. ಹಾಗಾಗಿ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಲೂಮಾ ಕ್ರೋಮಾ ಲಿಂಕ್ ಬಿಚ್ಚಿ ಕ್ರೋಮಾ ನಾಯ್ಸ್ ತೆಗೆಯೋದನ್ನ ಚೆನ್ನಾಗಿ ಏರಿಸಿದೆ, ಲೂಮಾ ಸ್ವಲ್ಪನೇ ಮುಟ್ಟಿದೆ. ಬಣ್ಣದ ಚುಕ್ಕೆ ಹೋಯ್ತು, ಸಣ್ಣ ಗ್ರೇನ್ (ಬಣ್ಣವಿಲ್ಲದ ಕಾಳು) ಉಳೀತು. ಉಳೀಲಿ, ನಂಗೆ ಅದು ಬೇಕು.

ನಾಯ್ಸ್ ನೋಡ್ (ರಿಸಾಲ್ವಲ್ಲಿ ಒಂದೊಂದು ಕೆಲಸದ ಹಂತಕ್ಕೆ ನೋಡ್ ಅಂತಾರೆ) ಯಾವಾಗ್ಲೂ ಮೊದಲನೇದು, ಬಣ್ಣ ಬೆಳಕು ತಿದ್ದೋ ಗ್ರೇಡಿಂಗ್ ಆಮೇಲೆ, ಯಾಕಂದ್ರೆ ನೆರಳು ಎತ್ತಿದ್ರೆ ಅದ್ರ ಜೊತೆ ನಾಯ್ಸೂ ಎದ್ದು ಬರುತ್ತೆ. ಆ ನೋಡಲ್ಲಿ ಟೆಂಪೊರಲ್, ಅಂದ್ರೆ ಅಕ್ಕಪಕ್ಕದ ಫ್ರೇಮ್‌ಗಳ ಸರಾಸರಿ ತೆಗೆಯೋದು, ಮೊದ್ಲು ಹಾಕ್ತೀನಿ. ನಾಯ್ಸ್ ಪ್ರತಿ ಫ್ರೇಮಲ್ಲೂ ಬೇರೆ ಬೇರೆ ಇರುತ್ತೆ, ಅಲ್ಲಾಡದ ವಸ್ತು ಹಾಗೇ ಇರುತ್ತೆ, ಸರಾಸರಿ ತೆಗೆದ್ರೆ ನಾಯ್ಸ್ ಇಳಿಯುತ್ತೆ, ಆದ್ರೆ 4 ಫ್ರೇಮಿಗೆ ಅರ್ಧ ಆದ್ರೆ ಕಾಲು ಭಾಗಕ್ಕೆ ಇಳಿಸೋಕೆ 16 ಫ್ರೇಮ್ ಬೇಕು, ಅಷ್ಟರಲ್ಲಿ ಕತ್ತಿ ಹಿಡಿದ ಕೈ ಎಲ್ಲೋ ಹೋಗಿರುತ್ತೆ, ಹಿಂದೆ ಒಂದು ದೆವ್ವದ ಕೈ ಉಳಿಯುತ್ತೆ. ಮೋಷನ್ ಎಸ್ಟಿಮೇಷನ್ (ಏನು ಅಲ್ಲಾಡ್ತಿದೆ ಅಂತ ಗುರುತಿಸೋದು) ಬೆಟರ್‌ಗೆ ಇಟ್ಟು ಫ್ರೇಮ್ ಕಮ್ಮಿ ಮಾಡಿದ್ಮೇಲೆ ಕದಿರಿನ ತೆನೆ ಒಂದೊಂದೂ ಬಿಡಿಬಿಡಿಯಾಗಿ ಕಾಣ್ತಿದೆ.

ಕೋವಿಯಿಂದ ಗುಂಡು ಹೊಡೆದಾಗಿನ ಮಿಂಚು ಒಂದೆರಡು ಫ್ರೇಮಲ್ಲೇ ಬಂದು ಹೋಗುತ್ತೆ, ಅದು ಅಕ್ಕಪಕ್ಕದ ಫ್ರೇಮಿಗೆ ಸೋರಬಾರ್ದು ಅಂತ ಅಲ್ಲಿ ಕ್ಲಿಪ್ ಕಟ್ ಮಾಡಿ ಟೆಂಪೊರಲ್ ಪೂರ್ತಿ ಆಫ್.

ಸ್ಪೇಷಿಯಲ್, ಅಂದ್ರೆ ಒಂದೇ ಫ್ರೇಮ್ ಒಳಗೆ ನಯ ಮಾಡೋದು, ತುಂಬಾ ಕಮ್ಮಿ. ಜಾಸ್ತಿ ಮಾಡಿದ್ರೆ ಅಜ್ಜನ ಮುಖ ಮೇಣದ ಗೊಂಬೆ ಆಗುತ್ತೆ. "ಪೊಲಿ ಪೊಲಿ ದೇವಾ" ಅಂತ ಕೂಗುವಾಗ ಹಣೆ ಮೇಲೆ ಮೂಡೋ ಗೆರೆಗಳಿಗೋಸ್ಕರ ತಾನೇ ಕ್ಯಾಮೆರಾ ತಗೊಂಡು ಹೋಗಿದ್ದು!

ಬೆಳಗ್ಗೆ ಮಂಜಿನ ಶಾಟ್‌ಗಳಲ್ಲಿ ಉಲ್ಟಾ. ಪೂರ್ತಿ ಕ್ಲೀನ್ ಮಾಡಿದ್ರೆ 8 ಬಿಟ್ ಫೈಲ್ (ಬಣ್ಣದ ಮೆಟ್ಟಿಲು ಕಮ್ಮಿ) ಅಲ್ವಾ, ಮಂಜಲ್ಲಿ ಪಟ್ಟೆ ಪಟ್ಟೆ ಬ್ಯಾಂಡಿಂಗ್ ಎದ್ದು ಕಾಣುತ್ತೆ, ಯೂಟ್ಯೂಬ್‌ಗೆ ಹಾಕಿದ್ಮೇಲೆ ಇನ್ನೂ ಕೆಟ್ಟದಾಗುತ್ತೆ. ಅದಕ್ಕೆ ಕೊನೇಲಿ ತೆಳುವಾಗಿ ಗ್ರೇನ್ ಮತ್ತೆ ಸೇರಿಸ್ತಿದ್ದೀನಿ.

ಫ್ರೀ ರಿಸಾಲ್ವ್ ಇರೋರಿಗೆ ಈ ನಾಯ್ಸ್ ರಿಡಕ್ಷನ್ ಸಿಗಲ್ಲ. ಅವರು ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ವಿಡಿಯೋ ಟೂಲಲ್ಲಿ ನಾಯ್ಸ್ ತೆಗೆಯೋ ಎಚ್‌ಕ್ಯೂಡಿಎನ್3ಡಿ ಫಿಲ್ಟರ್ ಹಾಕಿ ನೋಡಿ, ಲೂಮಾ ಕ್ರೋಮಾ ಅದ್ರಲ್ಲೂ ಬೇರೆ ಬೇರೆ ಕೊಡ್ಬಹುದು, ಎಡಿಟ್‌ಗೆ ತರೋ ಮೊದ್ಲೇ ಮಾಡ್ಕೊಂಡ್ರೆ ಟೈಮ್‌ಲೈನೂ ಹಗುರ.

ಇನ್ನು ಮಂದ್‌ನಲ್ಲಿ (ಊರಿನವರು ಸೇರೋ ಹಬ್ಬದ ಬಯಲು) ತೆಗೆದ ಕೋಲಾಟ ಬಾಕಿ ಇದೆ. ಅಲ್ಲಿ ಸಂಜೆ ಬೆಳಕಿತ್ತು, ನಾಯ್ಸ್ ಅಷ್ಟಿಲ್ಲ, ಆದ್ರೆ ಕೋಲು ಬೀಸೋ ಸ್ಪೀಡಿಗೆ ಟೆಂಪೊರಲ್ ತಡ್ಕೊಳ್ಳಲ್ಲ ಅನ್ಸುತ್ತೆ, ಕ್ರೋಮಾಗೆ ಮಾತ್ರ ಸ್ಪೇಷಿಯಲ್ ಹಾಕಿ ಒಂದು ರೆಂಡರ್ ಬಿಟ್ಟಿದ್ದೀನಿ.