ಬಲಿಬಂಡೆಯ ಕಾಲುವೆ ಕೊನೆಗೂ ಇಳಿಮುಖ

ಹಿಂದೆ ಬಲಿ ಕೊಡಲು ಕೊರೆದದ್ದೆಂದು ಕಾಣುವ ಆರು ಮೀಟರ್ ಉದ್ದದ ಗ್ರಾನೈಟ್ ಬಂಡೆ; ಫೋಟೋಗಳಿಂದ ಕಟ್ಟಿದ ಅದರ ತ್ರೀಡಿ ಮಾದರಿ ಈಗ ನಂಬುವಂತಾಗಿದೆ. ಫೋಟೋ ಜೋಡಣೆ, ಮೆಶ್ (ಆಕಾರದ ಬಲೆ), ಟೆಕ್ಸ್ಚರ್ (ಅದರ ಮೇಲಿನ ಬಣ್ಣ) ಎಲ್ಲ ಮಾಮೂಲು, ಬಿಡಿ. ಬಂಡೆ ಎಲ್ಲಿದೆ ಎಂದೂ ಬರೆಯುವುದಿಲ್ಲ. ಕಾವಲಿಲ್ಲದ ಬಯಲು, ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಕಾಡಿದ್ದು ಒಂದೇ: ದೊಡ್ಡ ಚೌಕ ತೊಟ್ಟಿಯಿಂದ ಸಣ್ಣ ಕುಳಿಗೆ ಕೊರೆದ 1.1 ಮೀಟರ್ ಕಾಲುವೆ. ಮೊದಲ ಮಾದರಿಯಲ್ಲಿ ಕುಳಿಯ ಕಡೆಯ ತುದಿ 8 ಮಿ.ಮೀ. ಎತ್ತರದಲ್ಲಿತ್ತು. ಅಂದರೆ ತೊಟ್ಟಿಯಲ್ಲಿ ಸುರಿದದ್ದು ಕುಳಿ ಮುಟ್ಟಲು ಏರು ಹತ್ತಬೇಕು!

ಪೋರ್ಚುಗಲ್‌ನ ವಿಲಾ ರಿಯಾಲ್ ಬಳಿಯ ಪನೋಯಾಸ್‌ನಲ್ಲಿ ಈ ಗೋಜಲಿಲ್ಲ. ಗಾಯಸ್ ಕಾಲ್ಪುರ್ನಿಯಸ್ ರುಫಿನಸ್ ಎಂಬ ರೋಮನ್ ಸೆನೆಟರ್ ಅಲ್ಲಿ ಬಂಡೆಯ ಮೇಲೇ ವಿಧಿ ಕೆತ್ತಿಸಿದ್ದಾನೆ: ಒಳಾಂಗಗಳನ್ನು ಚೌಕ ತೊಟ್ಟಿಗಳಲ್ಲಿ ಸುಡಬೇಕು, ರಕ್ತವನ್ನು ಪಕ್ಕದ ಸಣ್ಣ ಕುಳಿಗಳಿಗೆ ಸುರಿಯಬೇಕು. ಶಾಸನವಿಲ್ಲದ ಬಂಡೆಯಲ್ಲಿ ಇಳಿಜಾರೇ ಮುಖ್ಯ ಸಾಕ್ಷಿ. ಮಳೆನೀರು ತಿಂದ ಕುಳಿಗಳೂ ಗ್ರಾನೈಟಿನಲ್ಲಿ ಬೇಕಾದಷ್ಟಿರುತ್ತವೆ: ಚಪ್ಪಟೆ ತಳ, ಒಳಕ್ಕೆ ಸವೆದ ಅಂಚು. ನಮ್ಮ ಕಾಲುವೆ ಉದ್ದಕ್ಕೂ ಒಂದೇ ಅಗಲ, ಗೋಡೆ ನೇರ. ಉಳಿಯ ಕೆಲಸವೇ ಸರಿ. ಹಾಗಿದ್ದಮೇಲೆ ದಿಕ್ಕು ಯಾಕೆ ತಿರುಗಿತು?

ಉತ್ತರ ಕಲ್ಲಿನಲ್ಲಿರಲಿಲ್ಲ, ಲೆನ್ಸಿನಲ್ಲಿತ್ತು. ಕೋಲಿಗೆ ಕಟ್ಟಿದ ಕ್ಯಾಮೆರಾ ಪ್ರತಿ ಚಿತ್ರದಲ್ಲೂ ನೆಟ್ಟಗೆ ಕೆಳಗೆ ನೋಡುತ್ತಿತ್ತು. ಎಲ್ಲ ಚಿತ್ರಗಳೂ ಹೀಗೆ ಸಮಾಂತರವಾದರೆ ಲೆನ್ಸಿನ ರೇಡಿಯಲ್ ಡಿಸ್ಟಾರ್ಷನ್ (ಚಿತ್ರದ ಅಂಚಿನತ್ತ ನೇರ ಗೆರೆಯೂ ಬಾಗುವ ದೋಷ) ಯಾವುದು, ಬಂಡೆಯ ನಿಜವಾದ ಉಬ್ಬು ಯಾವುದು ಎಂದು ಸಾಫ್ಟ್‌ವೇರಿಗೆ ಬೇರ್ಪಡಿಸಲಾಗದು. ಉಳಿದ ತಪ್ಪನ್ನೆಲ್ಲ ಅದು ಆಕಾರಕ್ಕೆ ತುಂಬಿಬಿಡುತ್ತದೆ. ಮಾದರಿಯಲ್ಲಿ ಬಂಡೆಯ ನಡು ಹೀಗೆ 40 ಮಿ.ಮೀ. ಮೇಲೆದ್ದಿತ್ತು. ಕಾಲುವೆಯ ಕುಳಿಯ ತುದಿ ನಡುವಿನಿಂದ ಒಂದೂವರೆ ಮೀಟರ್ ಆಚೆ, ತೊಟ್ಟಿಯ ತುದಿ ಇನ್ನೂ ಅಂಚಿನ ಕಡೆಗೆ. ಅಷ್ಟರಲ್ಲೇ ಸುಮಾರು 20 ಮಿ.ಮೀ. ಸುಳ್ಳು ಏರು ಸೇರಿ, 12 ಮಿ.ಮೀ. ನಿಜವಾದ ಇಳಿಜಾರನ್ನು ನುಂಗಿತು. ರೀಪ್ರೊಜೆಕ್ಷನ್ ಎರರ್, ಅಂದರೆ ಮಾದರಿಯ ಬಿಂದುಗಳು ಫೋಟೋದಲ್ಲಿ ತಮ್ಮ ಜಾಗದಿಂದ ಎಷ್ಟು ಸರಿದಿವೆ ಎಂಬ ಅಂಕಿ, ಮಾತ್ರ 0.4 ಪಿಕ್ಸೆಲ್. ಆ ಅಂಕಿ ನೋಡಿ ನೆಮ್ಮದಿಪಡಬೇಡಿ, ಅದು ಉಬ್ಬನ್ನು ಹಿಡಿಯುವುದಿಲ್ಲ.

ಪರಿಹಾರ ಕೊಟ್ಟದ್ದು ಓರೆ ಚಿತ್ರಗಳು. ಕ್ಯಾಮೆರಾವನ್ನು 20ರಿಂದ 30 ಡಿಗ್ರಿ ಬಾಗಿಸಿ, ಬಂಡೆಯ ನಡುವಿಗೆ ಮುಖ ಮಾಡಿ, 1.5 ಮತ್ತು 2.5 ಮೀಟರ್ ಎತ್ತರದಿಂದ ಸುತ್ತಲೂ ತೆಗೆಯಬೇಕು. ಕೆಲವನ್ನು ಕ್ಯಾಮೆರಾ 90 ಡಿಗ್ರಿ ತಿರುಗಿಸಿ. ಆಟೋಫೋಕಸ್, ಸ್ಟೆಬಿಲೈಸೇಶನ್ ಎರಡೂ ಬಂದ್, ಫೋಕಸ್ ರಿಂಗಿಗೆ ಟೇಪ್. ಜೊತೆಗೆ ಚಿತ್ರಗಳಲ್ಲಿ ಕಾಣುವಂತೆ ಇಟ್ಟ ಎಂಟು ಗುರುತುಫಲಕಗಳು. ಅವುಗಳ ಎತ್ತರ ಅಳೆಯಲು ಗಾರೆಯವರು ಬಳಸುವ ನೀರುಮಟ್ಟದ ಪೈಪೇ ಸಾಕು. ಇಷ್ಟು ದೂರಕ್ಕೆ ರಸಮಟ್ಟ ಸಾಲದು. ಪೈಪಿನೊಳಗೆ ಒಂದು ಗುಳ್ಳೆ ಉಳಿದರೂ ಓದು ಕೆಡುತ್ತದೆ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ ಮಲಗಿದರೂ ಅಷ್ಟೇ. ಐದು ಫಲಕಗಳನ್ನು ಸಾಫ್ಟ್‌ವೇರಿನ ಲೆಕ್ಕಕ್ಕೆ ಕೊಟ್ಟು ಮೂರನ್ನು ಪರೀಕ್ಷೆಗೆ ಬಚ್ಚಿಡಬೇಕು. ಆ ಮೂರರಲ್ಲಿ ವ್ಯತ್ಯಾಸ 2 ಮಿ.ಮೀ. ಒಳಗೇ ಬಂತು, ಕಾಲುವೆ ಕುಳಿಯತ್ತ ಇಳಿಯಿತು.

ಫಲಕ ಮುದ್ರಿಸಿದವರ ಬಗ್ಗೆ ಹೇಳದೆ ಇರಲಾಗದು. ಕೇಳಿದ್ದು ಮ್ಯಾಟ್, ಬಂದದ್ದು ಹೊಳೆಯುವ ಲ್ಯಾಮಿನೇಶನ್. ಬಿಸಿಲಿಗೆ ಅರ್ಧ ಗುರುತುಗಳು ಬೆಳ್ಳಗೆ ಸುಟ್ಟವು. ಪುಟಕ್ಕೆ ಹೊಂದಿಸಿ ಮುದ್ರಿಸಿದ್ದರಿಂದ 500 ಮಿ.ಮೀ. ಅಳತೆಪಟ್ಟಿ 485 ಆಗಿತ್ತು. ಸ್ಟೀಲ್ ಟೇಪ್ ಹಿಡಿದು ನೋಡದೆ ಯಾವ ಪಟ್ಟಿಯನ್ನೂ ಬಂಡೆಯ ಹತ್ತಿರ ಒಯ್ಯಬೇಡಿ.

ಮುಂದಿನದು ತೊಟ್ಟಿಯ ಗೋಡೆಯ ಉಳಿಗುರುತು. ಆರ್‌ಟಿಐ ವಿಧಾನ (ಮಾಹಿತಿ ಹಕ್ಕಲ್ಲ, ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಸೇರಿಸಿ ಮೇಲ್ಮೈ ಓದುವುದು): ಕ್ಯಾಮೆರಾ ಅಲುಗದೆ ನಿಲ್ಲಬೇಕು, ಪಕ್ಕದಲ್ಲಿ ಎರಡು ಕಪ್ಪು ಹೊಳಪಿನ ಗುಂಡುಗಳು, ಬೇರೆ ಬೇರೆ ಕೋನದಿಂದ ಸುಮಾರು 48 ಬೆಳಕು. ದೀಪದ ದೂರ ಬದಲಾಗದಂತೆ ದಾರ ಕಟ್ಟಿ ಹಿಡಿಯುವುದು. ಗುರುತು ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವವರಿದ್ದಾರೆ, ಕಲ್ಲುಹೂ ಕೆರೆಯುವವರೂ ಇದ್ದಾರೆ; ದಯವಿಟ್ಟು ಎರಡೂ ಬೇಡ. ಓರೆ ಬೆಳಕು ಬಂಡೆ ಮುಟ್ಟದೆಯೇ ಆ ಕೆಲಸ ಮಾಡುತ್ತದೆ.